ಮಗ್ಗ ನಿಂತಾಗಿನ ಜಗಳ

ಡಾಕ್ಟರು ತೀರಿಕೊಂಡ ಮರುವಾರ ಬನಹಟ್ಟಿಯಲ್ಲಿ ಸಂತಾಪ ಸಭೆ ಇಟ್ಟಿದ್ದರು. ಇಬ್ಬರು ದೊಡ್ಡವರು ಮಾತನಾಡಿದರು. ಇಬ್ಬರೂ ಸುಳ್ಳು ಹೇಳಿದರು.

ಮೊದಲು ಎದ್ದವರು ಪರ ಊರಿನಿಂದ ಬಂದ ಹಿರಿಯ ಸರ್ಜನ್. "ದವಾಖಾನೆಯ ಹೊಸ್ತಿಲಲ್ಲಿ ತಮ್ಮ ಧರ್ಮವನ್ನು ಬಿಟ್ಟು ಒಳಗೆ ಬರುತ್ತಿದ್ದ ವೈದ್ಯ" ಎಂದು ಹೊಗಳಿದರು. ಅವರಾದ ಮೇಲೆ ನಮ್ಮ ಓಣಿಯ ಮಸೂತಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿ ಕಾಕಾ ಎದ್ದು, "ನಮ್ಮ ಡಾಕ್ಟರ್ ಸಾಹೇಬ್ರು ಜಮಾತಿನ ಮಾತು ಮೀರಿ ಒಂದ ಗುಳಿಗಿನೂ ಬರದವ್ರಲ್ಲ" ಅಂದರು. ಜನ ಎರಡಕ್ಕೂ ತಲೆಯಾಡಿಸಿದರು.

ನನಗೆ ಮೈಕು ಕೊಡಲಿಲ್ಲ. ನರ್ಸಿಗೆ ಯಾರು ಕೊಡುತ್ತಾರೆ? ಆದರೆ ಇಪ್ಪತ್ತೆರಡು ವರ್ಷ ಆ ಹೊಸ್ತಿಲನ್ನು ದಿನಾ ಮುಂಜಾನೆ ಒರೆಸಿದವಳು ನಾನು. ಅಲ್ಲಿ ಅವರು ಬಿಡುತ್ತಿದ್ದದ್ದು ಚಪ್ಪಲಿ ಒಂದನ್ನೇ. ಉಳಿದದ್ದೆಲ್ಲ ಅವರ ಸಂಗಡವೇ ಒಳಗೆ ಬರುತ್ತಿತ್ತು. ಜಮಾತಿನ, ಅಂದರೆ ಮಸೂತಿಯ ಹಿರಿಯರ, ಮಾತು ಅವರು ಎಷ್ಟು ಸಲ ಮೀರಿದರೆಂಬುದು ಮುತವಲ್ಲಿ ಕಾಕಾನಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಅವರ ಹೆಸರು ಬರೆದರೆ ಇನ್ನಿಬ್ಬರ ಹೆಸರು ತಾನಾಗಿ ಹೊರಗೆ ಬೀಳುತ್ತದೆ. ಊರು, ಕಸುಬು ಅಲ್ಲಲ್ಲಿ ಬದಲಿಸಿದ್ದೇನೆ. ಓದಿ ನೀವು ಯಾರನ್ನು ನೆನೆಯುತ್ತೀರೋ ಅವರಲ್ಲ. ಹುಡುಕಬೇಡಿ.

ಎತ್ತರದ ಆಳು. ನಡು ಸ್ವಲ್ಪ ಬಾಗಿತ್ತು. ಹೆಗಲ ಮೇಲಿನ ಸ್ಟೆತಾಸ್ಕೋಪನ್ನು ರೋಗಿಯ ಎದೆಗಿಡುವ ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. ಮಾತಿಗೆ ಮೊದಲು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುವುದು, ಬಿಸಿ ಚಹಾಕ್ಕೆ ಒಂದು ಹನಿ ತಣ್ಣೀರು ಹಾಕಿಸಿಕೊಳ್ಳುವುದು, ಬರೆದ ಚೀಟಿಯನ್ನು ರೋಗಿಗೆ ಓದಿ ಹೇಳುವುದು, ಇವು ಅವರ ರೂಢಿ. ಮೇಜಿನ ಎಡಗಡೆಯ ಡ್ರಾದಲ್ಲಿ ಹಳೆಯ ಕರವಸ್ತ್ರದಲ್ಲಿ ಸುತ್ತಿದ ಒಂದು ಒಳ್ಳೆಯ ಪೆನ್ನು ಇರುತ್ತಿತ್ತು. ಅದರಿಂದ ಚೀಟಿ ಬರೆಯುತ್ತಿರಲಿಲ್ಲ. ನಮ್ಮ ಕಡೆ ಮುಸಲ್ಮಾನರ ಮದುವೆಯಲ್ಲಿ ಹೆಣ್ಣಿನ ಪರವಾಗಿ ನಿಲ್ಲುವ ವಕೀಲನೆಂಬ ಒಬ್ಬ ಹಿರಿಯ, ಇಬ್ಬರು ಸಾಕ್ಷಿದಾರರು ಮದುಮಗಳ ಹತ್ತಿರ ಹೋಗಿ, ಈ ಸಂಬಂಧ ಒಪ್ಪಿಗೆಯೇ ಎಂದು ಮೂರು ಸಲ ಕೇಳಿ ಬಂದು ಕಾಗದಕ್ಕೆ ಸಹಿ ಹಾಕುತ್ತಾರೆ. ಆ ಸಾಕ್ಷಿಗೆ ಗವಾ ಅನ್ನುತ್ತಾರೆ. ರಬಕವಿ-ಬನಹಟ್ಟಿಯಲ್ಲಿ ಅರ್ಧ ಮದುವೆಗಳಿಗೆ ಗವಾ ನಮ್ಮ ಡಾಕ್ಟರೇ. ಆ ಪೆನ್ನು ಅದಕ್ಕೆಂದೇ ಮೀಸಲು.

ಹೆಣ್ಣುಮಕ್ಕಳನ್ನು ಪರೀಕ್ಷೆ ಮಾಡುವಾಗ ನಾನು ಕೋಣೆಯಲ್ಲಿ ಇರಲೇಬೇಕು. ಒಮ್ಮೆ ಹೊರಗೆ ಭಾಳ ಗದ್ದಲವಿತ್ತು, ನಾನು ಒಳಗೆ ಬರಲು ತಡವಾಯಿತು. ಅವರು ಸುಮ್ಮನೆ ಗೋಡೆ ನೋಡುತ್ತ ನಿಂತಿದ್ದರು. "ನಿಮ್ಮ ಧರ್ಮದಾಗ ಹಂಗೈತೇನ್ರಿ?" ಎಂದು ಕೇಳಿದೆ. "ಧರ್ಮದಾಗೂ ಐತಿ, ನಾ ಓದಿದ ಡಾಕ್ಟರಕಿ ಪುಸ್ತಕದಾಗೂ ಐತಿ. ಎರಡೂ ಒಂದ ಮಾತು ಹೇಳಿದ ದಿನ ನನಗ ಹಬ್ಬ ಇದ್ದಂಗ ತಂಗಿ" ಅಂದರು. ಹಾಗಂದರೆ ಹಬ್ಬವಲ್ಲದ ದಿನಗಳು ಬೇಕಾದಷ್ಟಿದ್ದವು ಎಂಬುದು ನನಗೆ ಆಮೇಲೆ ತಿಳಿಯಿತು.

ಕ್ಯಾಪ್ಸೂಲು ಬರೆಯುವ ಮೊದಲು ಅವರು ಎಲ್ಲರಿಗೂ ಒಂದು ಮಾತು ಹೇಳುತ್ತಿದ್ದರು. ಅದರ ಮೇಲಿನ ಸಿಪ್ಪೆಯನ್ನು ಪ್ರಾಣಿಯ ಎಲುಬು, ಚರ್ಮದಿಂದ ಮಾಡಿರುತ್ತಾರೆ, ನಡೆಯುತ್ತದೋ ಇಲ್ಲವೋ, ಇಲ್ಲದಿದ್ದರೆ ಗುಳಿಗೆ ಬರೆಯುತ್ತೇನೆ ಎಂದು. ಮುಸಲ್ಮಾನರಿಗಷ್ಟೇ ಅಲ್ಲ, ದಿನಾ ಲಿಂಗಪೂಜೆ ಮಾಡಿಕೊಂಡು ಬರುವ ನೇಕಾರ ಅಜ್ಜನಿಗೂ ಹೇಳುತ್ತಿದ್ದರು. ಔಷಧಿ ಕಂಪನಿಯ ಹುಡುಗನೊಬ್ಬ, "ಸರ್, ಯಾರೂ ಕೇಳಂಗಿಲ್ಲ, ನೀವ್ಯಾಕ ಹೇಳತೀರಿ?" ಎಂದು ಗೊಣಗಿದ. "ಕೇಳಂಗಿಲ್ಲ ಅಂತನ ಹೇಳಬೇಕೋ. ನುಂಗೂದು ನೀ ಅಲ್ಲ, ಅವ್ರು" ಅಂದರು.

ರಂಜಾನಿನಲ್ಲಿ ಸಕ್ಕರೆ ಕಾಯಿಲೆಯ ಮುದುಕಿಯರ ಸಂಗಡ ಅವರ ಯುದ್ಧ ನೋಡಬೇಕು. ಇನ್ಸುಲಿನ್ ಮೇಲಿದ್ದ ಒಬ್ಬ ನಾನಿ ರೋಜಾ ಉಪವಾಸ ಹಿಡಿದೇ ಹಿಡಿಯುತ್ತೇನೆಂದು ಹಟ ಮಾಡಿದಳು. "ರೋಗಿಗೆ ರೋಜಾ ಬಿಡು ಅಂದಾವ ಖುದಾ. ಅವನಕಿಂತ ದೊಡ್ಡಾಕಿ ಆಗಾಕ ಹೊಂಟೀಯೇನ ನಾನಿ?" ಎಂದು ಗದರಿಸಿ, ತಾವು ಉಪವಾಸವಿದ್ದವರು ಅವಳೆದುರೇ ಕೂತು ಜೋಳದ ಭಕ್ರಿ ತಿನ್ನಿಸಿದರು. ಮುದುಕಿ ಅಳುತ್ತ ತಿಂದಳು. ಇವರ ಕಣ್ಣೂ ಒದ್ದೆಯಾಗಿದ್ದವು.

ಈಗ ಆ ಹುಡುಗನ ಮಾತು.

ನಮ್ಮ ಹಿಂದಿನ ಓಣಿಯವ. ಕೆಲವು ವರ್ಷ ಇಚಲಕರಂಜಿಯಲ್ಲಿ ಪಾವರ್‌ಲೂಮ್ ಓಡಿಸಿ ಊರಿಗೆ ತಿರುಗಿ ಬಂದಿದ್ದ. ಜ್ವರ ಇಳಿಯಲಿಲ್ಲವೆಂದು ಬಂದವನ ರಕ್ತ ತೆಗೆದವಳು ನಾನೇ. ರಿಪೋರ್ಟು ಬಂತು. ರಕ್ತದಲ್ಲಿ ಸೋಂಕು. ದಿನಾ ಗುಳಿಗೆ ತಪ್ಪಿಸದಿದ್ದರೆ ಪೂರಾ ಆಯುಷ್ಯ ಬದುಕಬಹುದು. ಆದರೆ ಏನೂ ತಿಳಿಯದೆ ಮದುವೆಯಾದರೆ ಹೆಂಡತಿಗೂ ಹತ್ತಬಹುದು. ಹೆಸರು ಬೇಡ, ಇಷ್ಟು ಸಾಕು.

ಹೇಗೆ ಬಂತೆಂದು ಡಾಕ್ಟರು ಕೇಳಲಿಲ್ಲ. "ಅದನ್ನ ಕೇಳೂದು ಪೊಲೀಸರ ಕೆಲಸ" ಅಂದರು. ಜಮಖಂಡಿಯಲ್ಲಿ ಇದಕ್ಕೆಂದೇ ಇದ್ದ ತರುಣ ಡಾಕ್ಟರ ಹತ್ತಿರ ಕಳಿಸಿ ಗುಳಿಗೆ ಸುರು ಮಾಡಿಸಿದರು. ಎಲ್ಲ ಸರಿಯಾಗಿಯೇ ನಡೆದಿತ್ತು. ರಂಜಾನ್ ಹತ್ತಿರ ಬಂದಾಗ ಒಂದು ದಿನ ಮಹಾಲಿಂಗಪುರದಿಂದ ಒಬ್ಬರು ಬಂದರು. ಬೆಲ್ಲದ ಅಡತಿ, ಅಂದರೆ ದಲಾಲಿ, ಅಂಗಡಿಯಲ್ಲಿ ತೂಕ ನೋಡುವ ಮನುಷ್ಯ. ಕೈಯಲ್ಲಿ ಒಂದು ಪೊಟ್ಟಣ ಹೊಸ ಬೆಲ್ಲ.

"ಡಾಕ್ಟರ್ ಸಾಹೇಬ್ರ, ಮಗಳ ನಿಕಾಹ ಗಟ್ಟಿ ಆತ್ರಿ. ಈದ್ ಆದ ಮ್ಯಾಲ. ನಿಮ್ಮ ಓಣ್ಯಾನ ಹುಡುಗನ" ಎಂದು ಹೆಸರು ಹೇಳಿದರು. "ನೀವ ಗವಾ ಆಗಬೇಕು. ಮತ್ತ, ಹುಡುಗ ಹೆಂಗದಾನ್ರಿ? ನಿಮಗ ಗೊತ್ತಿರಲಾರದ್ದೇನು."

ಅದು ನಾನು ರಕ್ತ ತೆಗೆದ ಹುಡುಗನದೇ ಹೆಸರು. ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಅಷ್ಟು ಹೊತ್ತು ಒರೆಸಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

"ಹುಡುಗ ಹೆಂಗದಾನನ್ನೂದು ಹುಡುಗನ್ನ ಕೇಳ್ರಿ. ಗವಾ ಆಗೂದಕ್ಕ ಈದ್ ತನಕಾ ಟೈಮ್ ಕೊಡ್ರಿ" ಅಂದರು.

ತೂಕದ ಕಾಕಾ ಏನೋ ಚೇಷ್ಟೆಯೆಂದುಕೊಂಡು ನಕ್ಕು ಹೋದರು.

ಅವರು ಮೂಲೆ ತಿರುಗುವುದೇ ತಡ ನಾನು ಬಾಗಿಲು ಮುಂದೆ ಮಾಡಿ ಜಗಳಕ್ಕೆ ನಿಂತೆ. "ಹೆಣ್ಣುಮಗಳ ಜೀವದ ಮಾತೈತ್ರಿ. ಆ ಕಾಕಾಗ ಈಗಿಂದೀಗ ಹೇಳಬೇಕಾಗಿತ್ತು."

"ಕಾಯ್ದೆ ಹೇಳಗೊಡಂಗಿಲ್ಲ."

"ಕಾಯ್ದೆ ಸುಡ್ರಿ ಅತ್ಲಾಗ."

"ಸುಡೂಣಂತ. ಆದ್ರ ಅಮಾನತ್ತು ಸುಡಾಕ ಬರಂಗಿಲ್ಲ ತಂಗಿ. ನಂಬಿ ಇಟ್ಟು ಹೋದ ವಸ್ತುಕ್ಕ ನಾವು ಅಮಾನತ್ತು ಅಂತೇವಿ. ಅಂವ ತನ್ನ ರಕ್ತ ನನ್ನ ಮುಂದ ಇಟ್ಟಾನ. ಅದನ್ನ ಎತ್ತಿ ಇನ್ನೊಬ್ಬರ ಕೈಯಾಗ ಕೊಡ್ಲೇನು?" ಎಂದರು. ತಾವೇ ಮತ್ತೆ, "ಸಂಬಂಧ ಮಾಡವ್ರು ಬಂದು ಕೇಳಿದ್ರ ಖರೆ ಹೇಳಬೇಕಂತನೂ ನಮ್ಮ ಧರ್ಮದಾಗನ ಐತಿ. ಕಾಯ್ದೆನೂ ಹಂಗ. ಲಗ್ನ ಆದ ಹೆಂಡತಿಗೆ ಹೇಳಾಕ ಒಂದು ದಾರಿ ಇಟ್ಟೈತಿ. ಲಗ್ನ ಆಗೂಕಿನ ಮೊದಲ ಹೇಳೂ ದಾರಿ ನನಗ ಅದರಾಗ ಕಾಣವಲ್ದು. ಅಂದ್ರ ಅಕಿ ಬಾಂವ್ಯಾಗ ಬಿದ್ದ ಮ್ಯಾಲ ಹಗ್ಗ ಒಗಿಬೇಕು ಅಂದಂಗಾತು" ಎಂದು ಗೋಡೆಗೆ ಹೇಳಿದಂತೆ ಹೇಳಿದರು.

"ಹುಡುಗ ಹೇಳದಿದ್ರ?"

"ಈದ್ ಮುಂಜಾನೆ ನಾ ಮಹಾಲಿಂಗಪುರಕ್ಕ ಹೋಗತೇನಿ. ಅಪ್ಪಗಲ್ಲ, ಜಮಾತಿಗಲ್ಲ, ಆ ಹುಡಗೀಗೆ ಹೇಳತೇನಿ. ನನ್ನ ರಜಿಸ್ಟ್ರೇಶನ್ ಕಿತ್ತುಕೊಳ್ಳೂದಿದ್ರ ಕಿತ್ತುಕೊಳ್ಳಲಿ. ಖುದಾನ ಮುಂದನೂ ತಪ್ಪಿತಸ್ಥ, ಕಾಯ್ದೆ ಮುಂದನೂ ತಪ್ಪಿತಸ್ಥ. ಎರಡೂ ಕಡೆ ಕೊಡೂ ಉತ್ತರ ತಯಾರ ಇಟ್ಟೇನಿ. ಆದ್ರ ಅದಕ್ಕಿನ್ನೂ ಟೈಮ್ ಐತಿ. ಹೇಳಬೇಕಾದ ಬಾಯಿ ಅವಂದು."

ಆ ಬಾಯಿ ತೆರೆಸಲು ಅವರು ಮಾಡಿದ ಉಪಾಯ ನಮ್ಮೂರಿನಲ್ಲಿ ಮಾತ್ರ ನಡೆಯುವಂಥದ್ದು. ರೋಜಾದ ಹತ್ತು ದಿನ ಕಳೆದ ಮೇಲೆ, ಸಂಜೆಯ ನಮಾಜಿನ ಬಾಂಗಿಗೆ ಸ್ವಲ್ಪ ಮುಂಚೆ, ಗುಳಿಗೆ ಕಟ್ಟುವ ಕಾಗದದಲ್ಲಿ ಎರಡು ಖರ್ಜೂರ ಸುತ್ತಿ ಜೇಬಿನಲ್ಲಿಟ್ಟುಕೊಂಡು ಆ ಹುಡುಗನ ಮನೆಗೆ ನಡೆದರು. ಕರೆಯದೆ. ಉಪವಾಸ ಬಿಡಲು ಬಾಗಿಲಿಗೆ ಬಂದವನನ್ನು ಯಾವ ಮುಸಲ್ಮಾನರ ಮನೆಯೂ ತಿರುಗಿ ಕಳಿಸುವುದಿಲ್ಲ. ಆ ಮನೆಯ ಮಗನೇ ಕೈಯಾರೆ ನೀರು ಕೊಡಬೇಕು. ಇವರು ಖರ್ಜೂರ ಬಾಯಿಗಿಟ್ಟು, ಹುಡುಗ ಕೊಟ್ಟ ಗ್ಲಾಸು ತೆಗೆದುಕೊಂಡು, ಅವನ ಮುಖ ನೋಡಿ ನೀರು ಕುಡಿದರು. ಒಂದು ಮಾತಿಲ್ಲ. ಅಲ್ಲಿಂದ ಸೀದಾ ಮಸೂತಿಗೆ ಹೋದರು.

ಮರುದಿನ ಮತ್ತೆ ಹೋದರು. ಅದರ ಮರುದಿನವೂ.

ಹುಡುಗನ ಅವ್ವನಿಗೆ ಹಿಡಿಸಲಾರದ ಸಂತೋಷ. ಇಂಥ ದೊಡ್ಡ ಮನುಷ್ಯ ದಿನಾ ತನ್ನ ಮನೆಗೆ! ಗಂಜಿ ಮಾಡಿದಳು, ಭಜಿ ಕರಿದಳು, ಕಲ್ಲಂಗಡಿ ಹೆಚ್ಚಿಟ್ಟಳು. ಪಕ್ಕದ ಮನೆಯವಳು ನನ್ನನ್ನು ನಳದ ಹತ್ತಿರ ಹಿಡಿದು, "ಏನ್ರಿ ಸಿಸ್ಟರ್, ನಿಮ್ಮ ಡಾಕ್ಟರ್ ಮನ್ಯಾಗ ಕೂಳು ಬೇಯ್ಸೂದು ಬಿಟ್ಟಾರೇನು?" ಅಂದಳು. ಹುಡುಗ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತ ಹೋದ.

ಜಮಖಂಡಿಯ ತರುಣ ಡಾಕ್ಟರಿಗೆ ಹುಡುಗನೇ ಹೇಳಿರಬೇಕು. ಅವರು ಫೋನ್ ಮಾಡಿದರು. ನಮ್ಮವರಿಗೆ ಕಿವಿ ಸ್ವಲ್ಪ ಮಂದ, ಫೋನು ಸ್ಪೀಕರಿನ ಮೇಲೆಯೇ ಇರುತ್ತಿತ್ತು.

"ಸರ್, ನೀವು ಪೇಶಂಟ್ ಮ್ಯಾಲ ಒತ್ತಡ ಹಾಕಾಕತ್ತೀರಿ. ಇದು ತಪ್ಪು."

"ತಪ್ಪಿರಬಹುದು."

"ತಿಳದೂ ಮಾಡಾಕತ್ತೀರಿ."

"ತಿಳದನ ಮಾಡಾಕತ್ತೇನಪಾ. ನೀ ಬರದು ಇಟಗೋ. ಯಾರರೆ ಕೇಳಿದ್ರ ತೋರಸು. ಆದ್ರ ಆ ಹುಡಗೀದೂ ಒಂದು ಹೆಸರು ಐತಿ. ಅದು ನಿನ್ನ ರಜಿಸ್ಟರದಾಗ ಇನ್ನೂ ಬಂದಿಲ್ಲ. ಬರಬಾರದು ಅಂತ ನಾ ನೀರು ಕುಡಿಯಾಕ ಹೋಗತೇನಿ" ಎಂದು ಫೋನಿಟ್ಟರು.

ತರುಣ ಡಾಕ್ಟರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಅನ್ನುವುದಿಲ್ಲ. ಡಾಕ್ಟರಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಹೋದರು.

ಹೀಗೆ ಹೋಗತೊಡಗಿದ ಹದಿಮೂರನೆಯ ದಿನವಿರಬೇಕು, ಮಧ್ಯಾಹ್ನದ ಹೊತ್ತಿಗೆ ಹುಡುಗ ತಾನೇ ಬಂದ. "ಸಾಹೇಬ್ರ, ಇವತ್ತ ಬರಬ್ಯಾಡ್ರಿ. ನೀರು ಕೊಡುಮುಂದ ನನ್ನ ಕೈ ನಡಗತಾವು. ಅವ್ವ ನೋಡ್ಯಾಳ."

"ಬರಬ್ಯಾಡ ಅನ್ನಾಕ ನಿನಗ ಹಕ್ಕೈತಿ. ನಿನ್ನ ಮನಿ. ಇನ್ನೊಂದ ಸಲ ಗಟ್ಟಿಯಾಗಿ ಅನ್ನು, ಬರಂಗಿಲ್ಲ."

ಹುಡುಗ ಅನ್ನಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತ. ಆಮೇಲೆ, "ಹೇಳತೇನ್ರಿ. ಆದ್ರ ನೀವು ಹತ್ತರ ಇರಬೇಕು" ಅಂದ.

"ಇರತೇನಿ. ಆದ್ರ ಕೇಳಂಗಿಲ್ಲ."

ಹುಡುಗಿಗೆ ಅವನೇ ಫೋನ್ ಮಾಡಿದ. ಈದಿಗೆ ಬನಹಟ್ಟಿಯ ಸೀರೆ ಕೊಳ್ಳುವ ನೆಪದಿಂದ ಮರುದಿನ ಅವಳು ಖಾಲಾನ, ಅಂದರೆ ಚಿಕ್ಕಮ್ಮನ, ಜೊತೆಗೆ ಬಸ್ಸಿಳಿದಳು. ನಾಲ್ಕರ ಸುಮಾರು, ಹುಡುಗ ಮೊದಲೇ ಬಂದು ಕಾದಿದ್ದ, ಉಳಿದಂತೆ ದವಾಖಾನೆ ಖಾಲಿ. ಡಾಕ್ಟರು ತಮ್ಮ ಎದುರಿನ ಎರಡು ಕುರ್ಚಿಗಳನ್ನು ತಾವೇ ಎತ್ತಿ ಎದುರುಬದುರು ತಿರುಗಿಸಿಟ್ಟರು. ರೋಗಿಗಳ ಕುರ್ಚಿ ಯಾವತ್ತೂ ಡಾಕ್ಟರ ಕಡೆಗೆ ಮುಖ ಮಾಡಿರುತ್ತದೆ. ಅವತ್ತು ಅವೆರಡು ಒಂದನ್ನೊಂದು ನೋಡಿದವು.

ಅಲ್ಲೊಂದು ತೊಡಕಿತ್ತು. ಮದುವೆಯಾಗದ ಹೆಣ್ಣು ಗಂಡು ಒಂದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವುದು ಅವರ ಧರ್ಮಕ್ಕೆ ಸಲ್ಲದು. ರೋಗಿಯ ಮಾತು ಮೂರನೆಯವರ ಕಿವಿಗೆ ಬೀಳುವುದು ಅವರ ಡಾಕ್ಟರಿಕೆಗೆ ಸಲ್ಲದು. ಅವರು ಬಾಗಿಲು ಪೂರಾ ತೆರೆದಿಟ್ಟು, ಹೊರಗೆ ಮೆಟ್ಟಿಲ ಮೇಲೆ ಒಳಗಿನವರಿಗೆ ಬೆನ್ನು ಮಾಡಿ ಕೂತರು. ನನ್ನನ್ನೂ ಖಾಲಾನನ್ನೂ ಕೂರಿಸಿಕೊಂಡರು. ಎದುರಿನ ಶೆಡ್ಡಿನಲ್ಲಿ ಎಂಟು ಮಗ್ಗ ಖಟಾಖಟ್ ಓಡುತ್ತಿದ್ದವು. ಪಕ್ಕದಲ್ಲಿ ಕೂತವರ ಮಾತೇ ಕೇಳಿಸದು, ಇನ್ನು ಒಳಗಿನವರದ್ದೆಲ್ಲಿ!

ಖಾಲಾ ಮೂರು ಸಲ ಒಳಗೆ ಹೋಗಲು ಎದ್ದಳು. "ಏನ ಮಾತ್ರಿ ಅದು, ನನಗ ಕೇಳಸಬಾರದ್ದು?" ಎಂದು ಕೂಗಿದಳು. ಡಾಕ್ಟರು ಮೆಟ್ಟಿಲ ತುಂಬ ಕಾಲು ಚಾಚಿ, "ಕುಂದರವಾ, ನಿನ್ನ ಬಿಪಿ ಎಷ್ಟೈತಿ ನೋಡೂಣು" ಎಂದು ಅವಳ ತೋಳಿಗೆ ಪಟ್ಟಿ ಸುತ್ತಿದರು.

ಆಗ ಕರೆಂಟ್ ಹೋಯಿತು.

ಎಂಟೂ ಮಗ್ಗ ಒಮ್ಮೆಲೇ ನಿಂತವು. ಬನಹಟ್ಟಿಯಲ್ಲಿ ಹುಟ್ಟಿದವರಿಗೆ ಗೊತ್ತು, ಮಗ್ಗ ನಿಂತರೆ ಓಣಿಗೆ ಎಂಥ ಮೌನ ಬೀಳುತ್ತದೆಂದು. ಗೋಡೆಯ ಆಚೆ ಪಾತ್ರೆ ಇಟ್ಟ ಸದ್ದೂ ಕೇಳುತ್ತದೆ. ಒಳಗಿನಿಂದ ಹುಡುಗನ ದನಿ ಬಂತು: "ನನ್ನ ರಕ್ತದಾಗ..."

"ಏನವಾ!" ಡಾಕ್ಟರು ಗುಡುಗಿದರು. "ಬ್ಯಾಂಡೇಜಿನ ಪಟ್ಟಿ ಎಲ್ಲಿಟ್ಟೀ? ಮುಂಜಾನಿಂದ ಹುಡಕಾಕತ್ತೇನಿ! ಹದಿನೈದು ವರ್ಷ ಆತು, ಒಂದು ಸಾಮಾನ ಜಾಗಾದಾಗ ಇಡಾಕ ಬರಂಗಿಲ್ಲ ನಿನಗ!"

ನನಗೆ ಕಣ್ಣೀರೇ ಬಂತು. ಖಾಲಾನ ಎದುರು ಹೀಗೆ ಬೈಯುವುದೆ! ಆ ಪಟ್ಟಿ ಅವರ ಮೇಜಿನ ಮೇಲೇ ಇತ್ತು. ಹಾಗೆಂದು ಹೇಳಲು ಬಾಯಿ ತೆರೆದವಳು ಅವರ ಕಣ್ಣು ನೋಡಿದೆ. ಸಿಟ್ಟಿರಲಿಲ್ಲ. ಬೇಡಿಕೊಳ್ಳುವ ಕಣ್ಣು. ಆಗ ತಿಳಿಯಿತು, ಅವರಿಗೆ ಬೇಕಾಗಿದ್ದದ್ದು ಪಟ್ಟಿಯಲ್ಲ, ಗದ್ದಲ. ನಾನೂ ಎದ್ದು ಸೆರಗು ಸಿಕ್ಕಿಸಿದೆ.

"ನನಗೇನ ಬೈತೀರಿ? ನಿಮ್ಮ ಕನ್ನಡಕಾ ನಿಮಗ ಸಿಗಂಗಿಲ್ಲ! ನಿನ್ನೆ ಚಪ್ಪಲಿ ಯಾರದು ಹಾಕ್ಕೊಂಡು ಹೋದ್ರಿ, ನೆನಪೈತೇನು?"

"ಆ ಚಪ್ಪಲಿ ಮಾತು ಈಗ ಯಾಕ ತಗದೀ!"

"ತಗೀತೇನಿ! ನಿಮ್ಮ ಚಹಾದಾಗ ತಣ್ಣೀರು ಹಾಕಿ ಹಾಕಿ ನನಗ ಸಾಕಾಗೇತಿ!"

ಹದಿನೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆಲ್ಲ ಅವತ್ತು ಹೊರಗೆ ಬಂತು, ಅವರದೂ ನನ್ನದೂ. ಶೆಡ್ಡಿನಿಂದ ನೇಕಾರರು ಹೊರಗೆ ಬಂದು ನೋಡಿದರು. ಖಾಲಾ ನಮ್ಮಿಬ್ಬರ ನಡುವೆ ನಿಂತು ಸಮಾಧಾನ ಮಾಡಲು ನೋಡಿ ಬೆವೆತಳು. ಹತ್ತು ನಿಮಿಷವೋ ಹದಿನೈದೋ, ಕರೆಂಟ್ ಬಂದು ಮಗ್ಗ ಹೊರಟಾಗ ಇಬ್ಬರಿಗೂ ಗಂಟಲು ಕಟ್ಟಿತ್ತು. ಅವರು ಕೂತರು, ನಾನೂ ಕೂತೆ. ಅವರು ರೋಜಾ ಇದ್ದವರು, ನೀರು ಕುಡಿಯುವಂತಿರಲಿಲ್ಲ.

ಹುಡುಗಿ ಹೊರಗೆ ಬಂದಳು. ನಳದಲ್ಲಿ ಮುಖ ತೊಳೆದುಕೊಂಡಳು. ಓಣಿಯ ಹುಡುಗಿಯರಂತೆಯೇ ಸಾದಾ ಹುಡುಗಿ, ಆದರೆ ನೋಟ ನೆಟ್ಟಗಿತ್ತು. ನನ್ನ ಹತ್ತಿರ ಬಂದು ಮೆಲ್ಲಗೆ, "ಅಕ್ಕಾರ, ಅವ್ರು ಗುಳಿಗಿ ಬರೋಬ್ಬರಿ ತಗೋತಾರೇನ್ರಿ?" ಎಂದು ಕೇಳಿದಳು. "ಅದನ್ನ ನಾ ಹೇಳಾಕ ಬರಂಗಿಲ್ಲವಾ, ಅವನ್ನ ಕೇಳು" ಅಂದೆ. ತಲೆಯಾಡಿಸಿ ಡಾಕ್ಟರ ಕಡೆ ತಿರುಗಿದಳು.

"ಸಾಹೇಬ್ರ, ನಾ ಒಲ್ಲೆ ಅಂದ್ರ ಗುನಾ ಆಗತೈತೇನ್ರಿ? ಪಾಪ ಹತ್ತತೈತೇನ್ರಿ?"

"ನಿಕಾಹದಾಗ ಹೂಂ ಅನ್ನಸಾಕ ಮೂರು ಸಲ ಕೇಳತೇವಿ ತಂಗಿ. ಊಹೂಂ ಅನ್ನೂದು ಒಂದ ಸಲ ಸಾಕು."

ಅವಳು ಖಾಲಾನ ಕೈ ಹಿಡಿದು, "ಸೀರಿ ಬ್ಯಾಡ ಖಾಲಾ, ನಡಿ ಬಸ್ಸಿಗೆ" ಅಂದಳು.

ಮನೆಯವರಿಗೆ ಅವಳು ಊಹೂಂ ಎಂದು ಒಂದೇ ಸಲ ಅಂದಳು. ಕಾರಣ ಹೇಳಲಿಲ್ಲ, ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಬೈದರು, ಹೊಡೆಯಲು ಬಂದರು, ಖಾಲಾನನ್ನು ಕೂರಿಸಿ ಕೇಳಿದರು. ಖಾಲಾನಿಗೆ ಗೊತ್ತಿದ್ದದ್ದು ನಮ್ಮ ಬ್ಯಾಂಡೇಜಿನ ಜಗಳವಷ್ಟೇ. ಕಡೆಗೆ ಹುಡುಗಿ, "ಊಹೂಂ ಒಂದ ಸಲ ಸಾಕು ಅಂತ ಡಾಕ್ಟರ್ ಸಾಹೇಬ್ರ ಹೇಳ್ಯಾರ" ಅಂದುಬಿಟ್ಟಳು. ಮರುದಿನವೇ ತೂಕದ ಕಾಕಾ ಮುತವಲ್ಲಿ ಕಾಕಾನನ್ನು ಕರೆದುಕೊಂಡು ದವಾಖಾನೆಗೆ ನುಗ್ಗಿದರು.

"ನಾ ಕೇಳಿದಾಗ ಹೇಳಲಿಲ್ಲ! ನನ್ನ ಮಗಳಿಗೆ ಒಲ್ಲೆ ಅನ್ನೂದು ಕಲಿಸಿಕೊಟ್ರಿ! ಹುಡುಗನ ಕೊರತೆ ಏನು? ಹೇಳ್ರಿ!"

"ನನಗ ಹೇಳಾಕಾಗಂಗಿಲ್ಲ."

ಮುತವಲ್ಲಿ ಕಾಕಾ ಮೆತ್ತಗೆ ಸುರು ಮಾಡಿದರು. "ಸಾಹೇಬ್ರ, ನೀವು ಡಾಕ್ಟರ್ ಆಗೂಕಿನ ಮೊದಲ ಮುಸಲ್ಮಾನ. ಸಂಬಂಧದ ಮಾತಿನ್ಯಾಗ ಖರೆ ಮುಚ್ಚಿಡೂದು ಗುನಾ."

"ಮುಸಲ್ಮಾನ ಅಂತನ ಬಾಯಿ ಮುಚ್ಚೇನಿ ಕಾಕಾ. ಡಾಕ್ಟರ್ ಅಂತನೂ ಮುಚ್ಚೇನಿ. ಈ ಬಾಯಿಗೆ ಎರಡು ಕೀಲಿ ಅದಾವ. ಒಂದ ನಿಮ್ಮ ಕೈಯಾಗ ಐತಿ ಅಂತ ತಿಳಕೊಂಡ್ರೂ ಇನ್ನೊಂದು ತೆರಿಯಂಗಿಲ್ಲ. ತಿಳಕೋಬೇಕಾದಾಕಿ ತಿಳಕೊಂಡಾಳ. ಅಕಿ ಲಗ್ನ, ಅಕಿ ಮಾತು. ಮುಗೀತು."

"ಹಂಗಾರ ನಿಮ್ಮನ್ನ ಗವಾ ಅಂತ ಯಾರು ಕರೀತಾರ ನೋಡತೇನಿ" ಎಂದರು ಮುತವಲ್ಲಿ ಕಾಕಾ. ಕರೆಯಲಿಲ್ಲ. ಮದುವೆಯ ಕಾಗದಗಳು ಬರುತ್ತಿದ್ದವು, ಊಟಕ್ಕೆ. ನಿಕಾಹ ಓದಿಸುವ ಖಾಜಿಯ ಪಕ್ಕಕ್ಕೆ ಕರೆ ಬರಲಿಲ್ಲ. ಡಾಕ್ಟರು ಹೋಗಿ, ಹಿಂದಿನ ಸಾಲಿನಲ್ಲಿ ಕೂತು, ಉಂಡು ಬರುತ್ತಿದ್ದರು. ಶುಕ್ರವಾರದ ನಮಾಜಿಗೆ ಅದೇ ಮಸೂತಿ, ಅದೇ ಸಾಲು, ಮುತವಲ್ಲಿ ಕಾಕಾನ ಪಕ್ಕದಲ್ಲೇ ಭುಜಕ್ಕೆ ಭುಜ ಹಚ್ಚಿ. ಒಂದು ಮುಂಜಾನೆ ಎಡಗಡೆಯ ಡ್ರಾದಿಂದ ಆ ಪೆನ್ನು ತೆಗೆದರು. ಕರವಸ್ತ್ರ ಮಡಚಿಟ್ಟು, ಅದರಿಂದ ಒಬ್ಬ ಕೆಮ್ಮಿನ ರೋಗಿಗೆ ಚೀಟಿ ಬರೆದರು. ಆಮೇಲೆ ದಿನಾ ಅದೇ ಪೆನ್ನು. ಅವರ ನೋವು ನನಗೆ ಕಂಡದ್ದು ಅಷ್ಟೇ.

ಎರಡು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಅದೇ ಹುಡುಗಿ ಬಂದಳು. ಸಂಗಡ ಬೀಳಗಿ ಕಡೆಯ ಒಬ್ಬ ಮಾಸ್ತರ, ಇಬ್ಬರ ಕೈಯಲ್ಲೂ ರಕ್ತದ ರಿಪೋರ್ಟು. "ಸಾಹೇಬ್ರ, ಕುರ್ಚಿ ತಿರುಗಸ್ರಿ" ಅಂದಳು. ಡಾಕ್ಟರು ತಿರುಗಿಸಿ, ಬಾಗಿಲು ತೆರೆದಿಟ್ಟು, ಹೊರಗೆ ಬಂದು ಬೆನ್ನು ಮಾಡಿ ಕೂತರು. ಆ ನಿಕಾಹದಲ್ಲಿ ಗವಾ ಡಾಕ್ಟರೇ ಆಗಬೇಕೆಂದು ಮದುಮಗಳೇ ಹಟ ಹಿಡಿದಳೆಂದು ಕೇಳಿದೆ. ಮುತವಲ್ಲಿ ಕಾಕಾ ಆ ಮದುವೆಗೆ ಹೋಗಲಿಲ್ಲ. ಡಾಕ್ಟರು ಹೋಗುವಾಗ ಪೆನ್ನನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

ಅಲ್ಲಿಂದ ಸುರುವಾಯಿತು. ತಿಂಗಳಿಗೊಂದೋ ಎರಡೋ ಜೋಡಿ. ರಬಕವಿಯಿಂದ, ಮುಧೋಳದಿಂದ, ರನ್ನ ಬೆಳಗಲಿಯಿಂದ. ಮುಸಲ್ಮಾನರಷ್ಟೇ ಅಲ್ಲ, ನಮ್ಮ ನೇಕಾರರೂ, ಬೀರೇಶ್ವರನ ಒಕ್ಕಲಿನ ಕುರುಬರೂ. ಎಲ್ಲರೂ ತಮ್ಮ ಬಾಯಿಂದ ಒಬ್ಬರಿಗೊಬ್ಬರು ಹೇಳಿಕೊಂಡು ಹೋಗುತ್ತಿದ್ದರು. "ಇದನ್ನ ಎಲ್ಲಾ ಲಗ್ನಕ್ಕೂ ಕಾಯಮ್ ಮಾಡ್ರಿ ಸಾಹೇಬ್ರ" ಎಂದು ಒಬ್ಬರು ಸಲಹೆ ಕೊಟ್ಟರು. "ಕಾಯಮ್ ಮಾಡಿದ್ರ ಅದೂ ಒಂದು ಬಡಿಗಿ ಆಗತೈತಿ. ತಾವ ಬರ್ಲಿ" ಅಂದರು.

ಆ ಹುಡುಗ ಇದ್ದಾನೆ. ಎಲ್ಲವೂ ಗೊತ್ತಿದ್ದ ಒಬ್ಬ ಹೆಣ್ಣುಮಗಳು ಅವನನ್ನು ಒಪ್ಪಿ ಮದುವೆಯಾದಳು. ಡಾಕ್ಟರ ಜನಾಜಾ ಎದ್ದಾಗ ಮೊದಲು ಹೆಗಲು ಕೊಟ್ಟವನು ಅವನೇ. ಮಣ್ಣು ಮುಗಿಸಿ ಬಂದು, "ಬರೀರಿ ಅಕ್ಕಾರ. ನನ್ನ ಹೆಸರು ಬಿಟ್ಟು ಎಲ್ಲಾ ಬರೀರಿ" ಅಂದ. ಮಹಾಲಿಂಗಪುರದ ಹುಡುಗಿಯನ್ನೂ ಕೇಳಿದೆ. ಅವಳು ಹೂಂ ಅಂದಳು. ನಾನು ಮೂರು ಸಲ ಕೇಳಿದೆ, ಮೂರೂ ಸಲ ಅಂದಳು.

ಸಭೆಯಾದ ನಾಲ್ಕನೆಯ ದಿನ ದವಾಖಾನೆಯ ಕೀಲಿ ತೆಗೆದಿದ್ದೆ. ಉಳಿದ ಔಷಧಿ ವಿಂಗಡಿಸಿ ತಿರುಗಿ ಕಳಿಸಬೇಕಾಗಿತ್ತು. ಮೂರೂವರೆಗೆ ಬಾಗಿಲಲ್ಲಿ ಒಂದು ಹುಡುಗಿ, ಒಬ್ಬ ಹುಡುಗ. ಕೈಯಲ್ಲಿ ರಿಪೋರ್ಟಿನ ಲಕೋಟೆ.

"ಡಾಕ್ಟರ್ ಇಲ್ಲವಾ. ಹೋದ್ರು" ಅಂದೆ.

"ಗೊತ್ತೈತ್ರಿ. ಕುರ್ಚಿ ಅದಾವಲ್ರಿ" ಅಂದಳು ಹುಡುಗಿ.

ನಾನು ಎರಡು ಕುರ್ಚಿಗಳ ಧೂಳು ಒರೆಸಿ ಎದುರುಬದುರು ಇಟ್ಟೆ. ಬಾಗಿಲು ತೆರೆದಿಟ್ಟೆ. ಮೆಟ್ಟಿಲ ಮೇಲೆ ಅವರು ಕೂರುತ್ತಿದ್ದ ಜಾಗದಲ್ಲಿ ಕೂತೆ. ಮಗ್ಗಗಳು ಓಡುತ್ತಿದ್ದವು.

ಇಳಿಹೊತ್ತಿನ ಅಸರ್ ನಮಾಜಿಗೆ ಹೊರಟಿದ್ದ ಮುತವಲ್ಲಿ ಕಾಕಾ ನನ್ನನ್ನು ನೋಡಿ ನಿಂತರು. ಒಳಗೆ ಇಣುಕಿದರು. "ಇನ್ನೂ ನಡಸೀ ಏನವಾ ಇದನ್ನ? ಡಾಕ್ಟರ್ ಹೋದ ಮ್ಯಾಲ ನಿನಗ ಯಾರು ಅಧಿಕಾರ ಕೊಟ್ರು?"

"ಯಾರೂ ಕೊಟ್ಟಿಲ್ರಿ" ಅಂದೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಎಂಟೂ ಮಗ್ಗ ನಿಂತವು. ಒಳಗೆ ಹುಡುಗಿ ಏನೋ ಹೇಳತೊಡಗಿದ್ದಳು. ಅವಳ ಮೊದಲ ಮಾತು ನನ್ನ ಬೆನ್ನಿಗೆ ತಾಗುವ ಮೊದಲೇ ನಾನು ಎದ್ದು ಸೆರಗು ಸಿಕ್ಕಿಸಿದೆ.

"ಅಧಿಕಾರ ಕೇಳಾಕ ಬಂದೀರೇನು ಕಾಕಾ? ಸಭಾದಾಗ ಸುಳ್ಳು ಹೇಳಾಕ ನಿಮಗ ಯಾರು ಅಧಿಕಾರ ಕೊಟ್ಟಿದ್ರು? ಆ ಮನಷ್ಯಾನ್ನ ಗವಾ ಕೆಲಸದಿಂದ ತಗದವ್ರು ಯಾರು? ಹೇಳ್ರಿ!"

ಕಾಕಾನ ಮುಖ ಕೆಂಪಾಯಿತು. ಅವರದು ನಿಜವಾದ ಸಿಟ್ಟು. ನನಗೆ ಬೇಕಾಗಿದ್ದುದೂ ಅದೇ. "ಬಾಯಿ ಬಿಗಿಹಿಡದು ಮಾತಾಡು!" ಎಂದು ಓಣಿಯೆಲ್ಲ ಕೇಳುವಂತೆ ಕೂಗಿದರು. ನಾನು ಅದಕ್ಕಿಂತ ಜೋರಾಗಿ ಕೂಗಿದೆ. ಅವರು ಕೋಲು ನೆಲಕ್ಕೆ ಬಡಿದರು. ನಾನು ಬಾಗಿಲು ತುಂಬಿ ನಿಂತು, ಇಪ್ಪತ್ತೆರಡು ವರ್ಷದ ಲೆಕ್ಕವೆಲ್ಲ ಒಂದೊಂದಾಗಿ ಹೊರಗೆ ತೆಗೆದೆ. ಶೆಡ್ಡಿನ ಜನ ಹೊರಗೆ ಬಂದು ನೋಡುತ್ತಿದ್ದರು. ಒಬ್ಬ ಹಳೆಯ ನೇಕಾರ ಮಾತ್ರ ಒಳಗಿನ ಎರಡು ಕುರ್ಚಿಗಳ ಕಡೆ ಕಣ್ಣು ಹಾಯಿಸಿ, ನಕ್ಕು, ತಿರುಗಿ ಒಳಗೆ ಹೋದ.

ಕರೆಂಟ್ ಬಂತು. ಮಗ್ಗಗಳು ಖಟಾಖಟ್ ಎಂದು ಹೊರಟವು.

ನಾನು ದನಿ ಇಳಿಸಿ, ಸೆರಗು ಸರಿ ಮಾಡಿಕೊಂಡು ಕೇಳಿದೆ: "ಕುಂದರ್ರಿ ಕಾಕಾ. ಚಹಾ ತರಸ್ಲೇನು?"